ನಮ್ಮ ಮಕ್ಕಳೂ ಜೀವಕೋಶವನ್ನು ಕಣ್ಣಾರೆ ನೋಡಲಿ

(ಶೃಂಗೇರಿ ತಾಲ್ಲೂಕಿನ ಮೆಣಸೆಯಲ್ಲಿ ಸೇರಿದ್ದ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣ. ಪಟ್ಟಣದ ಗಿರಣಿ ಕೆಲಸಗಾರರೂ ವರ್ತಕರೂ ಆದ ನಮ್ಮ ಓದುಗರಿಗಾಗಿ ಅಲ್ಲಲ್ಲಿ ಸ್ವಲ್ಪ ವಿಸ್ತರಿಸಿ ಕೊಟ್ಟಿದೆ.)



ಈ ಸಭೆಗೆ ಬರುವಾಗ ದಾರಿಯಲ್ಲಿ ಹಳೆಯ ಸಂಗಾತಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ‘ಏನು ಮೇಷ್ಟ್ರೇ, ಕೂಲಿಯ ವಿಚಾರ ಬಿಟ್ಟಿರಿ, ಅಡಿಕೆ ಧಾರಣೆಯ ವಿಚಾರ ಬಿಟ್ಟಿರಿ, ಈಗ ಈರುಳ್ಳಿ ಸಿಪ್ಪೆಯ ಮೇಲೆ ಭಾಷಣವಂತೆ?’ ಎಂದು ಕೇಳಿದರು. ಕೂಲಿಯನ್ನೂ ಬಿಟ್ಟಿಲ್ಲ, ಧಾರಣೆಯನ್ನೂ ಬಿಟ್ಟಿಲ್ಲ, ಈರುಳ್ಳಿ ಸಿಪ್ಪೆಯಿಂದ ಹೊರಟರೆ ಅಲ್ಲಿಗೇ ಬಂದು ಮುಟ್ಟುತ್ತೇವೆ, ಬಂದು ಕೂತು ಕೇಳಿ ಎಂದೆವು. ಅವರು ಬಂದಿದ್ದಾರೆ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಆದ್ದರಿಂದ ಮಾತಿಗೆ ತಪ್ಪುವಂತಿಲ್ಲ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾವು ಮೆಟ್ರಿಕ್ ವರೆಗೆ ಓದಿದವರು. ಪಕ್ಷದ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡಿದೆವು. ಆ ವರ್ಷಗಳಲ್ಲಿ ಮಾಧ್ಯಮಿಕ ತರಗತಿಯ ಮಕ್ಕಳಿಗೆ ಜೀವಕೋಶದ ಪಾಠವನ್ನು ತಪ್ಪದೆ ಹೇಳಿದೆವು. ಹೇಗೆ ಹೇಳಿದೆವು? ಕಪ್ಪು ಹಲಗೆಯ ಮೇಲೆ ಒಂದು ದುಂಡು ಗೆರೆ ಎಳೆದು, ನಡುವೆ ಒಂದು ಚುಕ್ಕೆ ಇಟ್ಟು, ಹೋಳಿಗೆಯ ಮೇಲೆ ದ್ರಾಕ್ಷಿ ಇಟ್ಟಂಥ ಆ ಚಿತ್ರಕ್ಕೆ ನಾಲ್ಕು ಬಾಣ ಹಾಕಿ, ‘ಕೋಶಪೊರೆ, ಕೋಶದ್ರವ್ಯ, ಕೋಶಕೇಂದ್ರ’ ಎಂದು ಹೆಸರು ಬರೆಸಿದೆವು. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆದರು. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು, ‘ಮೇಷ್ಟ್ರೇ, ನೀವು ಇದನ್ನು ನೋಡಿದ್ದೀರಾ?’ ಎಂದು ಕೇಳಿದಳು. ನಾವು ನೋಡಿರಲಿಲ್ಲ. ನೋಡಿದ್ದೇವೆ ಎಂದು ಹೇಳಿ ಕೂರಿಸಿದೆವು. ಆ ಶಾಲೆಯ ಬೀರುವಿನಲ್ಲಿ ಒಂದು ಸೂಕ್ಷ್ಮದರ್ಶಕ ಇದ್ದೇ ಇತ್ತು. ಬೀರುವಿಗೆ ಬೀಗ ಇತ್ತು. ಒಡೆದುಹೋದರೆ ಯಾರು ಜವಾಬ್ದಾರರು ಎಂಬ ಭಯಕ್ಕೆ ಬೀಗದ ಕೈ ಹೊರಗೆ ಬರುತ್ತಿರಲಿಲ್ಲ. ಆ ಬೀಗವನ್ನು ತೆಗೆಸಬೇಕೆಂದು ನಾವೂ ಒಂದು ದಿನ ಹಟ ಹಿಡಿಯಲಿಲ್ಲ.

ಆ ಸುಳ್ಳು ನಮ್ಮನ್ನು ಬಿಡಲಿಲ್ಲ. ಕಳೆದ ಮಳೆಗಾಲದಲ್ಲಿ ಇದೇ ಮೆಣಸೆಯ ಒಂದು ಮನೆಯ ಜಗುಲಿಯಲ್ಲಿ ಹದಿನೇಳು ಮಕ್ಕಳನ್ನು ಕೂರಿಸಿಕೊಂಡು ಭಾನುವಾರದ ಪಾಠ ಶುರುಮಾಡಿದೆವು. ಕೊನೆಗಾರರ ಮಕ್ಕಳು, ತೋಟದ ಆಳುಗಳ ಮಕ್ಕಳು, ಅಂಗಡಿ ಇಟ್ಟವರ ಮಕ್ಕಳು ಬಂದರು. ನಮ್ಮ ಹತ್ತಿರ ಇದ್ದದ್ದು ಕಾಗದದ ಸೂಕ್ಷ್ಮದರ್ಶಕ. ಮೇರಠದಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿರುವ ಮನು ಪ್ರಕಾಶ್ ಅವರೂ ಅವರ ಸಂಗಡಿಗರೂ 2014ರಲ್ಲಿ ಲೋಕಕ್ಕೆ ತಿಳಿಸಿದ ‘ಫೋಲ್ಡ್‌ಸ್ಕೋಪ್’ ಎಂಬುದು ಅದು. ದಪ್ಪ ಕಾಗದವನ್ನು ಮಡಿಸಿ, ಚಿಕ್ಕದಾದ ಒಂದು ಗಾಜಿನ ಮಣಿಯನ್ನು ಕೂರಿಸಿದ್ದು. ವಸ್ತುವನ್ನು ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಕೆಳಗೆ ಬಿದ್ದರೂ ಒಡೆಯುವುದಿಲ್ಲ. ಬೀಗ ಹಾಕುವ ಹಂಗಿಲ್ಲ.

ಈರುಳ್ಳಿಯನ್ನು ಹೆಚ್ಚಿ, ದಪ್ಪನೆಯ ಒಂದು ಎಸಳಿನ ಒಳಮೈಯಿಂದ ತೆಳುವಾದ ಪೊರೆಯನ್ನು ಉಗುರಿನಿಂದ ಎಬ್ಬಿಸಿ, ಗಾಜಿನ ಮೇಲೆ ನೀರಿನ ಹನಿಯಲ್ಲಿ ಹರಡಿ, ಟಿಂಚರ್ ಅಯೊಡಿನ್‌ನ ಒಂದು ತೊಟ್ಟು ಬಿಟ್ಟು, ಮೇಲೆ ಗಾಜಿನ ಚೂರು ಮುಚ್ಚಿದೆವು. ಮೊದಲು ನೋಡಿದವರು ನಾವೇ. ದಪ್ಪ ಕಪ್ಪು ಅಂಚಿನ, ದುಂಡಾದ, ಹೊಳೆಯುವ ಬಳೆಗಳು ಕಂಡವು. ‘ಇಗೋ ಮಕ್ಕಳೇ, ಜೀವಕೋಶ!’ ಎಂದು ಕೂಗಿದೆವು. ಹದಿನೇಳು ಮಕ್ಕಳೂ ಸರದಿಯಲ್ಲಿ ನೋಡಿದರು, ಚಿತ್ರ ಬರೆದರು. ಕೊನೆಗೆ ಅಂಗಡಿಯವರ ಹುಡುಗ ಮೇಲಿನ ಗಾಜನ್ನು ಬೆರಳಿನಿಂದ ಮೆಲ್ಲಗೆ ಒತ್ತಿದ. ‘ಮೇಷ್ಟ್ರೇ, ನಿಮ್ಮ ಕೋಶ ಓಡ್ತಾ ಅದೆ. ಇದು ಸೋಪಿನ ನೊರೆ ಹಂಗೆ ಗುಳ್ಳೆ ಅಲ್ಲವಾ?’ ಎಂದ. ಗುಳ್ಳೆಯೇ ಸರಿ. ಗಾಜಿನ ಕೆಳಗೆ ಸಿಕ್ಕಿಕೊಂಡ ಗಾಳಿಯನ್ನು ನಾವು ಜೀವಕೋಶವೆಂದು ಪಾಠ ಹೇಳಿದ್ದೆವು. ಹೋಳಿಗೆಯ ಚಿತ್ರವನ್ನು ವರ್ಷಾನುಗಟ್ಟಲೆ ಬರೆದ ಕಣ್ಣಿಗೆ ದುಂಡಗಿರುವುದೆಲ್ಲ ಕೋಶವಾಗಿ ಕಂಡಿತ್ತು!

ಗಾಜನ್ನು ಓರೆಯಾಗಿ ಇಳಿಸಿ, ಗುಳ್ಳೆ ಇಲ್ಲದಂತೆ ಮಾಡಿ ಮತ್ತೆ ನೋಡಿದೆವು. ಈಗ ಕಂಡದ್ದು ಬೇರೆ. ಉದ್ದುದ್ದನೆಯ ಕೋಣೆಗಳು, ಒಂದರ ಪಕ್ಕಕ್ಕೆ ಒಂದು, ನಡುವೆ ತೆಳುವಾದ ಗೋಡೆ, ಕೋಣೆಗೊಂದರಂತೆ ಅಯೊಡಿನ್ ಹೀರಿಕೊಂಡು ಕಂದಾದ ಒಂದು ಚುಕ್ಕೆ. ‘ಇಟ್ಟಿಗೆ ಕಟ್ಟಿದ ಗೋಡೆ ಹಂಗೆ ಅದೆ’ ಎಂದಳು ಒಬ್ಬಳು. ‘ಹಾವಿನ ಪೊರೆ’ ಎಂದ ಇನ್ನೊಬ್ಬ. ಆ ಹೊತ್ತಿಗೆ ನಾವು ‘ಕೋಶಭಿತ್ತಿ’ ಎಂಬ ಮಾತನ್ನು ಎತ್ತಲಿಲ್ಲ. ಗೋಡೆ ಎಂದರು, ಗೋಡೆಯೇ ಆಗಲಿ ಎಂದೆವು. ಎರಡು ವಾರ ಗೋಡೆ, ಪೊರೆ, ತಿರುಳು, ಚುಕ್ಕೆ ಎಂದೇ ಮಾತು ನಡೆಯಿತು. ಪಠ್ಯಪುಸ್ತಕದ ಹೆಸರುಗಳನ್ನು ಆಮೇಲೆ ಕೊಟ್ಟೆವು. ಕಂಡಿದ್ದ ವಸ್ತುವಿಗೆ ಹೆಸರು ಕೊಟ್ಟಿದ್ದರಿಂದ ಮಕ್ಕಳಿಗೆ ಅದು ಭಾರವಾಗಲಿಲ್ಲ.

ಹೆಸರಿನ ವಿಚಾರ ಬಂದದ್ದರಿಂದ ಒಂದು ಮಾತು. ನಮ್ಮ ಈ ಊರಿನಲ್ಲೇ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿದೆ. ಸಂಸ್ಕೃತ ಪದಗಳ ಮೇಲೆ ನಮಗೆ ಹಗೆಯೇನೂ ಇಲ್ಲ. ‘ಪತ್ರರಂಧ್ರ’ ಎಂದರೆ ಎಲೆಯ ತೂತು, ಬಿಡಿಸಿ ಹೇಳಿದರೆ ಅರ್ಥವಾಗುವ ಪದ. ಬಿಡಿಸದೆ ಉರು ಹೊಡೆಸಿದರೆ ಮಾತ್ರ ಅದು ಮಂತ್ರ. ‘ಕೋಶ’ ಎಂದರೆ ಏನು ಎಂದು ಕೇಳಿದಾಗ ನಮ್ಮ ಹುಡುಗರಲ್ಲಿ ಒಬ್ಬ ‘ಅರ್ಥ ನೋಡೋ ಪುಸ್ತಕ’ ಎಂದ, ಇನ್ನೊಬ್ಬ ‘ದುಡ್ಡಿಡೋ ಜಾಗ’ ಎಂದ. ಇಬ್ಬರದೂ ತಪ್ಪಲ್ಲ. ಇಂಗ್ಲಿಷಿನಲ್ಲೂ ಆ ಪದಕ್ಕೆ ಸಣ್ಣ ಕೋಣೆ ಎಂದೇ ಅರ್ಥ. 1665ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲಿಷಿನವನು ಬೆಂಡಿನ ತೆಳುವಾದ ಚೂರನ್ನು ಮಸೂರದ ಕೆಳಗಿಟ್ಟು, ಜೇನುಗೂಡಿನ ಕಣ್ಣುಗಳಂತೆ ಕಂಡದ್ದಕ್ಕೆ ಆ ಹೆಸರಿಟ್ಟ. ಅವನು ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆಗಳು. ಒಳಗಿದ್ದವರು ಮನೆ ಖಾಲಿ ಮಾಡಿ ಹೋಗಿದ್ದರು.

ಜೀವಂತವಾದದ್ದನ್ನು ಕಂಡವನು ಬೇರೊಬ್ಬ. ಇಲ್ಲಿರುವ ಬಟ್ಟೆ ಅಂಗಡಿಯ ಬಂಧುಗಳು ಇದನ್ನು ಗಮನವಿಟ್ಟು ಕೇಳಬೇಕು. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಆಂಟೊನಿ ವಾನ್ ಲೇವನ್‌ಹುಕ್ ಜವಳಿ ವ್ಯಾಪಾರಿ. ನೂಲಿನ ಹುರಿ ಗಟ್ಟಿಯೋ ಸಡಿಲವೋ ಎಂದು ನೋಡುವುದಕ್ಕೆ ಜವಳಿಯವರು ಆಗ ಮಸೂರ ಇಟ್ಟುಕೊಳ್ಳುತ್ತಿದ್ದರು. ಈತ ವಿಶ್ವವಿದ್ಯಾಲಯದ ಮುಖ ಕಂಡವನಲ್ಲ. ಪಂಡಿತರ ಭಾಷೆಯಾದ ಲ್ಯಾಟಿನ್ ಬಾರದು. ತನ್ನ ಕೈಯಿಂದಲೇ ಮಸೂರ ಉಜ್ಜಿ, ವಸ್ತುವನ್ನು 270 ಪಟ್ಟಿನವರೆಗೆ ದೊಡ್ಡದು ಮಾಡಿದ. 1674ರಲ್ಲಿ ಕೆರೆಯ ನೀರಿನಲ್ಲಿ ಈಜಾಡುವ ಸೂಕ್ಷ್ಮಜೀವಿಗಳನ್ನು ಕಂಡ. ರಕ್ತದ ಕಣಗಳನ್ನು ಕಂಡ. 1683ರಲ್ಲಿ ತನ್ನ ಹಲ್ಲಿನ ಪಾಚಿಯಲ್ಲೇ ಜೀವಿಗಳು ಓಡಾಡುವುದನ್ನು ಕಂಡು ಬರೆದ. ಎಲ್ಲವನ್ನೂ ತನ್ನ ಮನೆಮಾತಾದ ಡಚ್ಚಿನಲ್ಲಿ ಕಾಗದ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಬೇಕಾದವರು ಅನುವಾದ ಮಾಡಿಕೊಂಡರು. ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ನೂರು ವರ್ಷ ಕಳೆದ ಮೇಲೂ ಅದೇ ವಾದಕ್ಕೆ ಉತ್ತರ ಹೇಳಬೇಕಾಗಿರುವುದು ವಿನೋದವೇ ಸರಿ.

ಗಿರಣಿಯ ಸಂಗಾತಿಗಳಿಗೆ ಈ ಪಾಠದಲ್ಲಿ ಸಲ್ಲಬೇಕಾದದ್ದು ಬಹಳ ಇದೆ. ನೂಲುವ ಗಿರಣಿಯಲ್ಲಿ ಕೈಗೆ ಸಿಕ್ಕುವ ಹತ್ತಿಯ ಎಳೆ ಏನು? ಹತ್ತಿಬೀಜದ ಸಿಪ್ಪೆಯ ಮೇಲೆ ಬೆಳೆದ ಕೂದಲು. ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಅಗಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದು, ಉದ್ದದಲ್ಲಿ ಒಂದು ಅಂಗುಲಕ್ಕೆ ಬಂದು ನಿಲ್ಲುತ್ತದೆ. ಕಾಯಿ ಬಿರಿದಾಗ ಕೋಶ ಸಾಯುತ್ತದೆ, ಒಳಗಿನ ರಸ ಆರಿಹೋಗುತ್ತದೆ, ಗೋಡೆ ಮಾತ್ರ ಉಳಿದು ಚಪ್ಪಟೆಯಾಗಿ ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ಎಳೆ ಎಳೆಯನ್ನು ಹಿಡಿದುಕೊಳ್ಳುತ್ತದೆ, ನೂಲು ಆಗುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಗಿರಣಿಗಳಲ್ಲಿ ಎಷ್ಟು ಸಾವಿರ ಜನ ಈ ಸತ್ತ ಕೋಶಗಳನ್ನು ನೂತು ಸಂಸಾರ ಸಾಕಿದರು! ಕಾಗದವೂ ಅಷ್ಟೇ. 1937ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಈಗ ವರ್ಷಗಳಿಂದ ಯಂತ್ರ ನಿಂತಿರುವ ಮೈಸೂರು ಕಾಗದ ಕಾರ್ಖಾನೆಯಲ್ಲಿ ಬಿದಿರನ್ನೂ ಕಬ್ಬಿನ ಸಿಪ್ಪೆಯನ್ನೂ ಬೇಯಿಸಿ ತೆಗೆದದ್ದು ಕೋಶಗಳ ಗೋಡೆಯನ್ನೇ. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಹಾಳೆಯನ್ನು ಹರಿದು, ಹರಿದ ಅಂಚನ್ನು ಮಸೂರದಲ್ಲಿ ನೋಡಿದರೆ ಆ ಎಳೆಗಳು ಕಾಣುತ್ತವೆ.

ಅದೇ ಹತ್ತಿಯ ಧೂಳು ಎದೆಗೆ ಹೋದರೆ? ನಮ್ಮ ಉಸಿರುನಾಳದ ಒಳಮೈಯಲ್ಲಿ ಕೂದಲಿನಂಥ ಎಳೆಗಳುಳ್ಳ ಕೋಶಗಳಿವೆ. ಅವು ಹಗಲೂ ರಾತ್ರಿ ಪೊರಕೆಯಂತೆ ಆಡಿ, ಕಫಕ್ಕೆ ಅಂಟಿದ ಧೂಳನ್ನು ಮೇಲಕ್ಕೆ ತಳ್ಳುತ್ತವೆ. ಬೀಡಿಯ ಹೊಗೆ ಈ ಪೊರಕೆಯನ್ನು ಮಂಕು ಮಾಡುತ್ತದೆ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಕುಡಿದವನಿಗೆ ಎದೆ ಹಿಡಿದುಕೊಳ್ಳುವ ಕಾಯಿಲೆ ಬರುತ್ತದೆ, ಅದರ ಹೆಸರು ಬಿಸಿನೋಸಿಸ್. ರಜೆ ಕಳೆದು ಕೆಲಸಕ್ಕೆ ಹಾಜರಾದ ಮೊದಲನೆಯ ದಿನವೇ ಎದೆ ಬಿಗಿಯುವುದು ಅದರ ಲಕ್ಷಣ. ಇದು ಕಸುಬಿನಿಂದ ಬಂದ ರೋಗ ಎಂದು ನೌಕರರ ರಾಜ್ಯ ವಿಮಾ ಕಾಯಿದೆಯ ಪಟ್ಟಿಗೂ ಸೇರಿತು. ಆದರೆ ‘ಸೋಮವಾರದ ಸೋಮಾರಿತನ’ ಎಂದು ಬೈಸಿಕೊಂಡು ಕೆಮ್ಮುತ್ತ ಮನೆಗೆ ಹೋದವರೇ ಹೆಚ್ಚು. ತನ್ನ ಎದೆಯೊಳಗಿನ ಪೊರಕೆಯ ವಿಷಯವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕಂಡು ಕಲಿತವನು ಹಾಗೆ ಬೈಸಿಕೊಂಡು ಸುಮ್ಮನಿರುತ್ತಿದ್ದನೇ? ಹಿಂದಿನ ಬೆಂಚಿನ ಸಂಗಾತಿಗಳೇ, ಕೂಲಿಯ ವಿಚಾರಕ್ಕೆ ಬಂದೆವೋ ಇಲ್ಲವೋ?

ಮಲೆನಾಡಿನ ಅಡಿಗೆಮನೆಯೇ ಒಂದು ಪ್ರಯೋಗಶಾಲೆ. ಕೆಸುವಿನ ದಂಟನ್ನು ಮುರಿದು ನಾಲಗೆಗೆ ತಾಗಿಸಿಕೊಂಡ ಮಗು ಈ ಸೀಮೆಯಲ್ಲಿ ಇಲ್ಲ. ಯಾಕೆ ತುರಿಸುತ್ತದೆ ಎಂದು ಕೇಳಿದರೆ ‘ಅದರ ಗುಣ’ ಎನ್ನುತ್ತಾರೆ. ಒಂದು ಭಾನುವಾರ ಕೆಸುವಿನ ದಂಟನ್ನು ಬ್ಲೇಡಿನಿಂದ ಹೊಗೆಯಷ್ಟು ತೆಳ್ಳಗೆ ಸೀಳಿ ನೋಡಿದೆವು. ಕೆಲವು ಕೋಶಗಳೊಳಗೆ ಸೂಜಿಯ ಕಟ್ಟುಗಳು! ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳು ಅವು. ಗಿಡ ತನ್ನನ್ನು ತಿನ್ನಬಂದವರ ಬಾಯಿಗೆ ಇಟ್ಟುಕೊಂಡ ಆಯುಧ. ಆ ದಿನ ಮಕ್ಕಳನ್ನು ಮನೆಗೆ ಕಳಿಸುವುದೇ ಕಷ್ಟವಾಯಿತು. ಮಾವಿನ ಮಿಡಿಗೆ ಉಪ್ಪು ಹಾಕಿದರೆ ನೀರು ಬಿಟ್ಟು ಸುಕ್ಕುಗಟ್ಟುವುದೂ ಕೋಶದ ಪಾಠವೇ. ಹೊರಗಿನ ಉಪ್ಪು ಪೊರೆಯ ಮೂಲಕ ಒಳಗಿನ ನೀರನ್ನು ಸೆಳೆದುಕೊಳ್ಳುತ್ತದೆ. ಜಾಡಿಯನ್ನು ಹಾಳುಮಾಡಬಂದ ಸೂಕ್ಷ್ಮಜೀವಿಯ ನೀರೂ ಹಾಗೆಯೇ ಹೋಗುವುದರಿಂದ ಉಪ್ಪಿನಕಾಯಿ ಕೆಡುವುದಿಲ್ಲ. ಇದನ್ನು ಮಕ್ಕಳಿಗೆ ನಾವು ಹೇಳಲಿಲ್ಲ, ಒಬ್ಬ ಹುಡುಗಿಯ ಅಜ್ಜಿ ಅರ್ಧ ಹೇಳಿದರು, ಉಳಿದರ್ಧವನ್ನು ಮೊಮ್ಮಗಳು ಕೂಡಿಸಿದಳು.

ಚಿತ್ರ ಬರೆಸಿ ಕಲಿಸಿದರೆ ಕೋಶ ಚಪ್ಪಟೆ ಎಂದೇ ಮಕ್ಕಳು ತಿಳಿಯುತ್ತಾರೆ. ಇದಕ್ಕೆ ಅಂಗಡಿಯವರ ಹುಡುಗನೇ ಉಪಾಯ ತಂದ. ಖಾಲಿ ಬೆಂಕಿಪೊಟ್ಟಣಗಳನ್ನು ಪೇರಿಸಿದ. ಅದಕ್ಕೆ ಉದ್ದವೂ ಉಂಟು, ಅಗಲವೂ ಉಂಟು, ಆಳವೂ ಉಂಟು. ಲೆಕ್ಕದ ವಿಷಯದಲ್ಲೂ ಅವನೇ ಮುಂದು. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 37 ಲಕ್ಷ ಕೋಟಿ ಕೋಶಗಳಿವೆ ಎಂದು ವಿಜ್ಞಾನಿಗಳ ಅಂದಾಜು. ಸಂಖ್ಯೆ ಬಾಯಿಗೆ ಬಂದರೂ ತಲೆಗೆ ಹೋಗಲಿಲ್ಲ. 2025–26ರ ನಮ್ಮ ರಾಜ್ಯದ ಆಯವ್ಯಯ 4 ಲಕ್ಷ ಕೋಟಿ ರೂಪಾಯಿಗೆ ಸ್ವಲ್ಪ ಮೇಲೆ ಎಂದೆವು. ‘ಹಂಗಾದರೆ ಒಂದು ಕೋಶಕ್ಕೆ ಒಂದು ರೂಪಾಯಿ ಇಟ್ಟರೂ ಸರ್ಕಾರದ ಹತ್ತಿರ ಒಬ್ಬನಿಗೂ ಸಾಕಾಗಲ್ಲ’ ಎಂದು ಅವನು ತೀರ್ಪು ಕೊಟ್ಟ.

ಈಗ ಅಡಿಕೆಗೆ ಬರೋಣ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಸೀಮೆಯಲ್ಲಿ ಯಾವ ಮಾತು ಎತ್ತಿದರೂ ಕೊನೆಗೆ ಅದು ಅಡಿಕೆಯ ಬುಡಕ್ಕೇ ಬಂದು ನಿಲ್ಲುತ್ತದೆ.

ಕೊನೆಗಾರರ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದಾನೆ. ಮಾತು ಕಡಿಮೆ. ಅವನ ತಂದೆ ಮಳೆಗಾಲದ ಮುಂಚೆ ಒಂದು ಸಲ, ನಡುವೆ ಮತ್ತೊಂದು ಸಲ, ಜಾರುವ ಮರವನ್ನು ಹತ್ತಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ. ಒಂದು ಭಾನುವಾರ ಅವನು, ‘ಮೇಷ್ಟ್ರೇ, ಅಪ್ಪ ಮರ ಹತ್ತುವುದು ಯಾರನ್ನು ಕೊಲ್ಲುವುದಕ್ಕೆ?’ ಎಂದು ಕೇಳಿದ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾವು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಕೊಳೆ ಹಿಡಿದ ಕಾಯಿ ತರಿಸಿದೆವು. ಕಾಲೇಜಿನಲ್ಲಿ ಕಲಿಸುವ ಮಿತ್ರರೊಬ್ಬರು ತಮ್ಮ ಸ್ವಂತ ಸೂಕ್ಷ್ಮದರ್ಶಕವನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ಕಾಯಿಯ ಮೇಲಿನ ಬಿಳಿಯ ಬೂಸ್ಟನ್ನು ಸೂಜಿಯ ಮೊನೆಯಲ್ಲಿ ತೆಗೆದು ತಣ್ಣನೆಯ ನೀರಿನ ಹನಿಯಲ್ಲಿ ಇಟ್ಟೆವು. ನೂಲಿನಂಥ ಎಳೆಗಳು, ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚೀಲಗಳು ಕಂಡವು. ಮೊದಲ ಸಲ ಅಷ್ಟೇ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ, ಒಂದು ಗಂಟೆ ಕಾದ ಮೇಲೆ, ಒಂದು ಚೀಲ ಬಾಯಿ ಬಿಟ್ಟಿತು. ಒಳಗಿನಿಂದ ಸಣ್ಣ ಸಣ್ಣ ಚುಕ್ಕೆಗಳು ಹೊರಬಿದ್ದು ನೀರಿನಲ್ಲಿ ಈಜತೊಡಗಿದವು. ಒಂದೊಂದೂ ಒಂದು ಜೀವಕೋಶ. ಗೋಡೆಯಿಲ್ಲದ ಬರಿಯ ಪೊರೆಯ ಕೋಶ, ಎರಡು ಚಾಟಿಯಂಥ ಎಳೆಗಳನ್ನು ಬೀಸಿ ಈಜುವುದು. ಆಷಾಢದ ಮಳೆಯಲ್ಲಿ ಅಡಿಕೆಯ ಕೊನೆಯ ಮೇಲೆ ನಿಂತ ನೀರಿನ ಪದರವೇ ಅದಕ್ಕೆ ಕೆರೆ. ಆ ಕೆರೆಯಲ್ಲಿ ಈಜಿ ಕಾಯಿಯ ಮೈ ಸೇರಿ, ಅಲ್ಲಿ ಮೊಳೆತು ಒಳಗೆ ಇಳಿಯುತ್ತದೆ. ಹುಡುಗ ಕಣ್ಣು ತೆಗೆಯದೆ ನೋಡಿದ. ‘ಇದಾ?’ ಎಂದ. ಇದೇ ಎಂದೆವು.

ಮೈಲುತುತ್ತದ ನೀರಿಗೆ ಅವನೇ ಒಂದು ಕಡ್ಡಿ ಅದ್ದಿ ಆ ಹನಿಗೆ ಮುಟ್ಟಿಸಿದ. ಸ್ವಲ್ಪ ಹೊತ್ತಿನಲ್ಲಿ ಈಜು ನಿಂತಿತು. ತಾಮ್ರದ ಅಂಶ ಆ ಕೋಶಗಳನ್ನು ಕೊಲ್ಲುತ್ತದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕವನ್ನು ಎಲ್ಲರೂ ಬಲ್ಲರು. ಆದರೆ ಮಳೆ ಬರುವ ಮುಂಚೆಯೇ ಯಾಕೆ ಹೊಡೆಯಬೇಕು, ಒಳಗೆ ಇಳಿದ ಮೇಲೆ ಹೊಡೆದರೆ ಯಾಕೆ ಪ್ರಯೋಜನ ಕಡಿಮೆ, ಬಿಟ್ಟ ಒಂದೇ ಕೊನೆಯಿಂದ ಇಡೀ ತೋಟ ಹೇಗೆ ಹಾಳಾಗುತ್ತದೆ ಎಂಬುದು ಆ ಹನಿಯನ್ನು ಕಂಡವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನವರು ಕರಡದ ಹುಲ್ಲಿನ ಕೊಟ್ಟೆ ಹೆಣೆದು ಕೊನೆಗೆ ಕಟ್ಟುತ್ತಿದ್ದರಲ್ಲ, ಅದು ಆ ಕೆರೆಯನ್ನೇ ಒಣಗಿಸುವ ಉಪಾಯ. ಅವರು ಕೋಶವನ್ನು ಕಂಡಿರಲಿಲ್ಲ, ನೀರನ್ನು ಚೆನ್ನಾಗಿ ಕಂಡಿದ್ದರು. ಮೈಸೂರು ಸರ್ಕಾರದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ಮಲೆನಾಡಿನ ಕೊಳೆರೋಗವನ್ನು ಪರೀಕ್ಷಿಸಿ 1910ರಲ್ಲಿ ವರದಿ ಬರೆದು, ಬೋರ್ಡೋವನ್ನು ಇಲ್ಲಿನ ತೋಟಗಳಲ್ಲಿ ರೂಢಿಗೆ ತರಲು ದುಡಿದರು.

ಇನ್ನು ಹಳದಿ ಎಲೆ ರೋಗ. ಈ ಸಭೆಯಲ್ಲಿ ಎಷ್ಟೋ ಜನರ ತೋಟ ಅದರಿಂದ ಬರಿದಾಗಿದೆ. ಹೆಚ್ಚು ಹೇಳಿ ನೋಯಿಸುವುದಿಲ್ಲ. ಅದಕ್ಕೆ ಕಾರಣವೆಂದು ತಿಳಿದಿರುವ ಫೈಟೊಪ್ಲಾಸ್ಮ ಎಂಬ ಜೀವಿಯೂ ಒಂದು ಕೋಶವೇ, ಆದರೆ ಗೋಡೆಯಿಲ್ಲದ, ನಮ್ಮ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ಕೋಶ. ಅದು ಕಾಯಿಯ ಹೊರಮೈಯಲ್ಲಿ ಕೂರುವುದಿಲ್ಲ. ಮರದ ಒಳಗೆ, ಎಲೆಯಿಂದ ಆಹಾರ ಇಳಿಯುವ ನಾಳದೊಳಗೆ ವಾಸ. ರಸ ಹೀರುವ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಹೊರಗೆ ಬೋರ್ಡೋ ಹೊಡೆದರೆ ಅದಕ್ಕೆ ತಾಗುವುದೇ ಇಲ್ಲ. ಇದನ್ನು ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಹೀಗಿರುವಾಗ ‘ಹಳದಿ ರೋಗಕ್ಕೆ ರಾಮಬಾಣ’ ಎಂದು ಬಣ್ಣದ ಚೀಟಿ ಅಂಟಿಸಿದ ಬಾಟಲಿಯನ್ನು ಸಾಲ ಮಾಡಿ ಕೊಳ್ಳುವವರಿದ್ದಾರೆ. ಮಾರುವ ಅಂಗಡಿಯ ಬಂಧುಗಳೂ ಬೇಕೆಂದು ಮೋಸ ಮಾಡುವವರಲ್ಲ. ಕಂಪೆನಿಯವರು ಹೇಳಿದ್ದನ್ನು ಹೇಳುತ್ತಾರೆ, ನಾವು ಹೋಳಿಗೆಯ ಚಿತ್ರ ಬರೆದ ಹಾಗೆ. ಅಂಗಡಿಯವರ ಹುಡುಗ ಮನೆಗೆ ಹೋಗಿ ತಂದೆಯನ್ನು, ‘ಇದು ಮರದ ಒಳಗೆ ಹೋಗುತ್ತದಾ, ಹೊರಗೇ ಇರುತ್ತದಾ?’ ಎಂದು ಕೇಳಿದನಂತೆ. ತಂದೆಯವರು ಇಲ್ಲೇ ಕುಳಿತಿದ್ದಾರೆ, ನಗುತ್ತಿದ್ದಾರೆ. ಅವರು ಆ ಬಾಟಲಿಯನ್ನು ತರಿಸುವುದನ್ನು ನಿಲ್ಲಿಸಿದ್ದಾರೆ ಎಂಬುದನ್ನು ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇವೆ.

ಮನುಷ್ಯರ ಔಷಧಿಯಲ್ಲೂ ಇದೇ ಕಥೆ. ಪೆನಿಸಿಲಿನ್ ಬ್ಯಾಕ್ಟೀರಿಯಾಗಳು ಕೋಶದ ಗೋಡೆ ಕಟ್ಟುವುದನ್ನು ಕೆಡಿಸುತ್ತದೆ. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲದ್ದರಿಂದ ನಮ್ಮನ್ನು ಬಿಟ್ಟು ಅವನ್ನು ಕೊಲ್ಲುತ್ತದೆ. ವೈರಸ್ಸಿಗೆ ಗೋಡೆಯೂ ಇಲ್ಲ, ಅದು ಕೋಶವೇ ಅಲ್ಲ. ನೆಗಡಿಗೆ ಅಂಥ ಮಾತ್ರೆ ನುಂಗಿದರೆ ದುಡ್ಡು ಹೋದೀತೇ ಹೊರತು ನೆಗಡಿ ಹೋಗದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೂ ವೈರಸ್ಸಿನದೇ. ಅದು ನಮ್ಮ ಮೂರು ತಾಲ್ಲೂಕುಗಳಿಗೂ ಬಂದಿದೆ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಉಣುಗು ಕಡಿಯದಂತೆ ಎಣ್ಣೆ ಹಚ್ಚಿಕೊಳ್ಳಿ, ಜ್ವರ ಬಂದರೆ ಅಂಗಡಿಯ ಮಾತ್ರೆಗೆ ಕಾಯದೆ ಆಸ್ಪತ್ರೆಗೆ ಹೋಗಿ ಎಂದು ಮಕ್ಕಳಿಗೆ ಹೇಳಿದೆವು. ಯಾಕೆ ಎಂದು ಅವರು ಕೇಳಲಿಲ್ಲ, ಅವರಿಗೇ ಗೊತ್ತಿತ್ತು.

ಒಂದು ಗಲಾಟೆಯೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಕೆನ್ನೆಯ ಒಳಮೈಯನ್ನು ಕಡ್ಡಿಯಿಂದ ಮೆಲ್ಲಗೆ ಸವರಿ, ಗಾಜಿಗೆ ಬಳಿದು, ಮನುಷ್ಯನ ಕೋಶವನ್ನು ನೋಡುವುದು ಎಲ್ಲ ಶಾಲೆಗಳಲ್ಲೂ ಇರುವ ಪಾಠ. ಜಗುಲಿಯ ಮನೆಯ ಹಿರಿಯ ತಾಯಿಯವರಿಗೆ ಅದು ಸರಿಬರಲಿಲ್ಲ. ‘ಎಲ್ಲರ ಎಂಜಲನ್ನು ನಮ್ಮ ಜಗುಲಿಯ ಮೇಲೆ ಇಡಬೇಡಿ ಮಾರಾಯರೇ’ ಎಂದರು. ಅವರ ಮನೆ, ಅವರ ಮಾತು. ನಾವು ಹಲಗೆಯನ್ನು ಅಂಗಳಕ್ಕೆ ಇಳಿಸಿದೆವು. ಪ್ರತಿ ಮಗುವಿಗೂ ಬೇರೆ ಕಡ್ಡಿ, ಮುಗಿದ ಮೇಲೆ ಕಡ್ಡಿಗಳನ್ನು ಒಲೆಗೆ ಹಾಕುವುದು, ಕೈಗೆ ಸೋಪು ಎಂಬ ನಿಯಮ ಮಾಡಿದೆವು. ಎಂಜಲಿನ ಭಯದಲ್ಲಿ ಮೈಲಿಗೆ ಒಂದು ಪಾಲು ಇದ್ದರೆ, ರೋಗದ ವಿವೇಕವೂ ಒಂದು ಪಾಲು ಇರುತ್ತದೆ. ನೋಡುತ್ತ ನೋಡುತ್ತ ಹದಿನೇಳು ಗಾಜುಗಳೂ ಒಂದರೊಳಗೊಂದು ಸೇರಿಹೋದವು. ಯಾರದು ಯಾವುದು ಎಂದು ಮಕ್ಕಳು ಜಗಳ ತೆಗೆದರು. ಎಷ್ಟು ನೋಡಿದರೂ ಯಾರಿಗೂ ತನ್ನದನ್ನು ಆರಿಸಲಾಗಲಿಲ್ಲ. ಆ ತಾಯಿಯವರು ಅಂಗಳಕ್ಕೆ ಇಳಿದು ಬಂದು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಹಳ ಹೊತ್ತು ನೋಡಿದರು. ‘ಎಲ್ಲ ಒಂದೇ ನಮೂನೆ ಅದೆಯಲ್ಲ’ ಎಂದು ಒಳಗೆ ಹೋಗಿ ಮಕ್ಕಳಿಗೆ ಅವಲಕ್ಕಿ ಕಲಸಿ ತಂದರು.

ಎಲ್ಲ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು 1855ರಲ್ಲಿ ಸಾರಿ ಹೇಳಿದವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೊವ್. ಅದನ್ನು ಅವನಿಗಿಂತ ಮುಂಚೆ, 1852ರಲ್ಲಿ, ಕಣ್ಣಾರೆ ಕಂಡು ಬರೆದವನು ರಾಬರ್ಟ್ ರೆಮಾಕ್. ಅವನು ಯೆಹೂದಿ, ಮತ ಬಿಟ್ಟು ಬಾರದ್ದರಿಂದ ಬಹುಕಾಲ ಅಧ್ಯಾಪಕ ಪದವಿ ಸಿಗಲಿಲ್ಲ. ಹೆಸರು ವಿರ್ಕೊವನಿಗೆ ಹೋಯಿತು. ದುಡಿದವನಿಗೆ ಹೆಸರು ಸಿಗದ ವಿಚಾರ ನಮ್ಮ ಓದುಗರಿಗೆ ಹೊಸದಲ್ಲ. ಆದರೆ ವಿರ್ಕೊವನ ಇನ್ನೊಂದು ಕೆಲಸವನ್ನು ನಾವು ಮರೆಯಬಾರದು. 1848ರಲ್ಲಿ ಮೇಲಿನ ಸೈಲೀಷಿಯ ಎಂಬ ಬಡ ಸೀಮೆಯಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರ್ಕಾರ ಅವನನ್ನು ಕಾರಣ ನೋಡಿಕೊಂಡು ಬಾ ಎಂದು ಕಳಿಸಿತು. ಹಸಿವು, ಕೊಳಕು ಗುಡಿಸಲು, ಅಜ್ಞಾನ, ಜನರಿಗೆ ಅಧಿಕಾರವಿಲ್ಲದಿರುವುದು, ಇವೇ ಕಾರಣ ಎಂದು ಅವನು ಬರೆದು ಕೊಟ್ಟ. ಮದ್ದಾಗಿ ಸ್ವಾಡಳಿತವನ್ನೂ ಶಿಕ್ಷಣವನ್ನೂ ಕೇಳಿದ. ಅಲ್ಲಿನ ಜನರ ಪೋಲಿಷ್ ಭಾಷೆಗೆ ಆಡಳಿತದಲ್ಲಿ ಸ್ಥಾನ ಕೊಡಿ ಎಂದ. ಸರ್ಕಾರಕ್ಕೆ ಈ ಔಷಧಿಚೀಟಿ ರುಚಿಸಲಿಲ್ಲ. ಮರುವರ್ಷ ಅವನು ಬರ್ಲಿನ್ನಿನ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಬೇಕಾಯಿತು. ಅವನು ಸಮಾಜವಾದಿಯೇನೂ ಅಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದ ಕಣ್ಣಿನಿಂದಲೇ ಗುಡಿಸಲನ್ನೂ ನೋಡಿದ, ಅಷ್ಟೇ. ದೇಹವನ್ನು ಕೋಶಗಳೆಂಬ ಪ್ರಜೆಗಳ ರಾಜ್ಯಕ್ಕೆ ಅವನು ಹೋಲಿಸುತ್ತಿದ್ದ. ಈ ಹೋಲಿಕೆಯನ್ನು ನಾವು ತರಗತಿಯಲ್ಲಿ ಬಳಸುವುದಿಲ್ಲ. ಸಮಾಜವನ್ನು ದೇಹಕ್ಕೆ ಹೋಲಿಸಿ ತಲೆ ಮೇಲು, ಕಾಲು ಕೀಳು ಎಂದು ಸಾಧಿಸಿದವರು ನಮ್ಮಲ್ಲಿ ಮೊದಲೇ ಬೇಕಾದಷ್ಟು ಆಗಿಹೋಗಿದ್ದಾರೆ.

ಇಷ್ಟಕ್ಕೆ ಆದ ಖರ್ಚು ಏನು? ಈರುಳ್ಳಿ, ಬ್ಲೇಡು, ಒಂದು ಶೀಸೆ ಅಯೊಡಿನ್, ಕೆಲವು ಗಾಜಿನ ಚೂರು, ಕಾಗದದ ಸೂಕ್ಷ್ಮದರ್ಶಕ. ಹಣವಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಪಾಲಕರು ಮುಂದಿನ ವಾರ ತಮ್ಮ ಮಕ್ಕಳ ಶಾಲೆಗೆ ಹೋಗಿ ಎರಡೇ ಪ್ರಶ್ನೆ ಕೇಳಬೇಕು. ಸೂಕ್ಷ್ಮದರ್ಶಕ ಇದೆಯೇ? ಈ ವರ್ಷ ಎಷ್ಟು ಮಕ್ಕಳು ಅದರಲ್ಲಿ ಕಣ್ಣಿಟ್ಟು ನೋಡಿದರು? ಮೇಷ್ಟರ ಮೇಲೆ ರೇಗಬೇಡಿ. ಆ ಬೀಗದ ಕೈಯ ಭಯ ಎಂಥದು ಎಂದು ನಮಗೆ ಗೊತ್ತು. ಒಡೆದರೆ ಬೆಲೆಯನ್ನು ಪಾಲಕರೆಲ್ಲ ಹಂಚಿಕೊಂಡು ಕೊಡುತ್ತೇವೆ ಎಂದು ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಕೊಡಿ. ಬೀಗ ತೆಗೆಯುತ್ತದೆ. ವಿಜ್ಞಾನದ ಮೇಷ್ಟರೇ ಇಲ್ಲದ ಶಾಲೆ ಇದ್ದರೆ ಅದನ್ನು ಬೇರೆ ಕಾಗದದಲ್ಲಿ ಬರೆಯಿರಿ, ಅದನ್ನು ಶಿಕ್ಷಣ ಇಲಾಖೆಗೆ ಮುಟ್ಟಿಸುವ ಹೊಣೆ ನಮ್ಮದು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಜಗುಲಿಯಲ್ಲಿ ಸೇರುತ್ತೇವೆ. ಈ ಸಲ ವೀಳ್ಯದೆಲೆಯ ತಳದ ಸಿಪ್ಪೆ ತೆಗೆದು, ಎಲೆ ಉಸಿರಾಡುವ ತೂತುಗಳನ್ನು ನೋಡುವುದು. ಎಲೆಯನ್ನು ಅಂಗಡಿಯವರು ಕೊಡುತ್ತಾರೆ, ಬ್ಲೇಡನ್ನು ನಾವು ತರುತ್ತೇವೆ. ಹಿಂದಿನ ಬೆಂಚಿನ ಸಂಗಾತಿಗಳು ತಮ್ಮ ಮೊಮ್ಮಗಳನ್ನು ಕರೆದುಕೊಂಡು ಬರುವುದಾಗಿ ಸನ್ನೆ ಮಾಡುತ್ತಿದ್ದಾರೆ. ಕನ್ನಡಕ ಮರೆಯಬೇಡಿ, ನಿಮಗೂ ಸರದಿ ಇದೆ.